ಮುಳ್ಳು ನಿಜ ಹೇಳಬೇಕು

ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಇಂಗ್ಲೆಂಡಿನ ಆಬಿಂಗ್ಡನ್ ಊರಿನಿಂದ ಎಂ.ಜಿ. ಟಿ.ಸಿ. ಎಂಬ ಎರಡೇ ಸೀಟಿನ ಕಾರು ಹೊರಬಂತು. 1945ರಿಂದ 1949ರವರೆಗೆ ತಯಾರಾದದ್ದು ಸುಮಾರು ಹತ್ತು ಸಾವಿರ. ಅದರಲ್ಲೊಂದು ತಮಾಷೆಯಿತ್ತು. ಚಾಲಕನ ಎದುರಿಗಿದ್ದ ದೊಡ್ಡ ಮೀಟರ್ ತೋರಿಸುತ್ತಿದ್ದದ್ದು ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದನ್ನು. ಕಾರು ಎಷ್ಟು ವೇಗದಲ್ಲಿದೆ ಎಂದು ಹೇಳುವ ಸ್ಪೀಡೋಮೀಟರ್ ಇದ್ದದ್ದು ಪಕ್ಕದಲ್ಲಿ ಕೂತವರ ಎದುರಿಗೆ. ಸ್ಪೋರ್ಟ್ಸ್ ಕಾರು ಓಡಿಸುವವನಿಗೆ ಎಂಜಿನ್ನಿನ ಉಸಿರು ಮುಖ್ಯ, ವೇಗದ ಚಿಂತೆ ಜೊತೆಗೆ ಬಂದವರಿಗಿರಲಿ ಎಂಬ ಲೆಕ್ಕ. ಪೊಲೀಸರ ಭಯಕ್ಕೆಂದು ಒಂದು ಪುಟ್ಟ ದೀಪವನ್ನೂ ಇಟ್ಟಿದ್ದರು. ಊರೊಳಗಿನ 30 ಮೈಲಿ ಮಿತಿ ಹತ್ತಿರವಾದಾಗ ಅದು ಹೊತ್ತಿಕೊಳ್ಳುತ್ತಿತ್ತು, ಮಿತಿ ದಾಟಿದರೆ ಆರುತ್ತಿತ್ತು.

ಕಾರು ಕಟ್ಟಿದವರು ಚಾಲಕನನ್ನು ಯಾರೆಂದುಕೊಂಡಿದ್ದರು ಎಂಬುದು ಬಾನೆಟ್ಟಿಗಿಂತ ಡ್ಯಾಶ್‌ಬೋರ್ಡಿನಲ್ಲಿ ಚೆನ್ನಾಗಿ ಕಾಣುತ್ತದೆ. ಹಳೆಯ ಕಾರಿನಲ್ಲಿ ಮೊದಲು ಕೆಡುವುದೂ ಅದೇ. ಬಿಸಿಲಿಗೆ ಮರದ ಪದರ ಬಿರಿಯುತ್ತದೆ, ಡಯಲಿನ ಅಕ್ಷರ ಮಾಸುತ್ತದೆ, ಗಾಜಿನೊಳಗೆ ದೂಳು ಸೇರುತ್ತದೆ, ಮುಳ್ಳು ನಡುಗುತ್ತದೆ ಇಲ್ಲವೇ ಸೊನ್ನೆಯಲ್ಲೇ ಮಲಗುತ್ತದೆ. ಬಾಡಿಗೆ ಬಣ್ಣ ಬಳಿಸಿ, ಎಂಜಿನ್ ಬಿಚ್ಚಿಸಿ ಲಕ್ಷಗಟ್ಟಲೆ ಸುರಿದವರು ಕೂಡ ಇಲ್ಲಿಗೆ ಬಂದಾಗ ಕೈಕಟ್ಟಿ ನಿಲ್ಲುತ್ತಾರೆ. ಕಾರಣ, ಇದು ಒಬ್ಬ ಮೆಕ್ಯಾನಿಕ್‌ನ ಕೆಲಸವಲ್ಲ.

ಇಂಥ ಕಾರಿಗೂ ವಿಜಯನಗರ ಜಿಲ್ಲೆಯ ಕೊಟ್ಟೂರಿಗೂ ಏನು ನಂಟು ಎಂದು ಯಾರಾದರೂ ಕೇಳಬಹುದು. ಕೊಟ್ಟೂರಿನವರಿಗೆ ಗಾಡಿ ಎಂದರೆ ಮೊದಲು ನೆನಪಾಗುವುದು ಗುರು ಬಸವೇಶ್ವರರ ತೇರು. ದಾವಣಗೆರೆ ಕಡೆಯಿಂದ ನಡೆದುಕೊಂಡೇ ಬರುವ ಭಕ್ತರ ಮುಂದೆ ಆ ತೇರು ಸಾಗುತ್ತದೆ. 2017ರ ಫೆಬ್ರುವರಿಯಲ್ಲಿ ಅಚ್ಚು ಮುರಿದು ತೇರು ಉರುಳಿದಾಗ, ಹಳೆಯದನ್ನು ಎಷ್ಟರಮಟ್ಟಿಗೆ ನಂಬಬಹುದು, ಎಲ್ಲಿ ಹೊಸದನ್ನು ಮಾಡಲೇಬೇಕು ಎಂಬ ಪ್ರಶ್ನೆ ಊರಿನ ಮುಂದೆಯೇ ನಿಂತಿತ್ತು. ತೇರಿನ ಆಚೆ ಇಲ್ಲಿರುವುದು ಲಾರಿ, ಟ್ರ್ಯಾಕ್ಟರ್, ಟಂಟಂ, ಬೈಕು. ಸ್ಪೋರ್ಟ್ಸ್ ಕಾರು ಇಲ್ಲಿನ ಬೀದಿಯಲ್ಲಿ ಅಪರೂಪ. ಆದರೂ ಅಂಥದೊಂದು ಕಾರಿನ ಡ್ಯಾಶ್‌ಬೋರ್ಡನ್ನು ಮತ್ತೆ ಸರಿಮಾಡಲು ಬೇಕಾದ ಕೈಗಳು ಕೊಟ್ಟೂರಿನಂಥ ತಾಲ್ಲೂಕು ಪೇಟೆಯಲ್ಲಿ ಇವೆ. ಬಡಗಿ, ಗಡಿಯಾರ ರಿಪೇರಿಯವರು, ಲೇತ್‌ನವರು, ರೇಡಿಯೇಟರ್ ಬೆಸುಗೆಯವರು, ಸೀಟ್ ಕುಶನ್‌ನವರು, ಮದುವೆ ಪತ್ರಿಕೆ ಅಚ್ಚು ಹಾಕುವವರು. ಇವರಲ್ಲಿ ಯಾರೂ ಸ್ಪೋರ್ಟ್ಸ್ ಕಾರಿನ ಕೆಲಸದವರಲ್ಲ, ಆದರೆ ಆ ಕೆಲಸದ ಒಂದೊಂದು ಭಾಗ ಒಬ್ಬೊಬ್ಬರಿಗೆ ಗೊತ್ತು.

ನಮ್ಮಲ್ಲಿನ ಓಟಗಾರರು

ಕರ್ನಾಟಕದಲ್ಲಿ ಇಂಥ ಕಾರುಗಳೇ ಇರಲಿಲ್ಲ ಎನ್ನುವಂತಿಲ್ಲ. 1961ರಿಂದ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ದಕ್ಷಿಣದ ಊರುಗಳಲ್ಲಿ ಡಾಕ್ಟರು, ವಕೀಲರ ಮನೆಯ ಕಾರಾಗಿತ್ತು. ಇದೇ ಹೆರಾಲ್ಡ್‌ನ ಚಾಸಿಯನ್ನು ಗಿಡ್ಡ ಮಾಡಿ ಇಂಗ್ಲೆಂಡಿನಲ್ಲಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಮಾಡಿದರು. ಎರಡಕ್ಕೂ ರೂಪ ಕೊಟ್ಟವನು ಇಟಲಿಯ ಜೊವಾನಿ ಮಿಕೆಲೊಟ್ಟಿ. ಮೊದಲ ಸ್ಪಿಟ್‌ಫೈರ್‌ಗಳಲ್ಲಿ ಮೀಟರುಗಳೆಲ್ಲ ಡ್ಯಾಶ್‌ಬೋರ್ಡಿನ ನಟ್ಟನಡುವೆ ಇದ್ದವು. ಸ್ಟೀರಿಂಗ್ ಎಡಕ್ಕಿರಲಿ ಬಲಕ್ಕಿರಲಿ, ಒಂದೇ ಹಲಗೆ ಸಾಕು. 1970ರ ಮಾದರಿಯಲ್ಲಿ ಅವು ಚಾಲಕನ ಎದುರಿಗೆ ಬಂದವು. ಹಾಗಾಗಿ ನಮ್ಮ ಯಾವುದೋ ಊರಿನ ಶೆಡ್ಡಿನಲ್ಲಿ ಹುಲ್ಲು ಮುಚ್ಚಿಕೊಂಡು ನಿಂತ ಹೆರಾಲ್ಡ್ ಎಂದರೆ ಒಂದು ಹೆಸರಾಂತ ಸ್ಪೋರ್ಟ್ಸ್ ಕಾರಿನ ಒಡಹುಟ್ಟು.

ಬೆಂಗಳೂರಿನಲ್ಲೇ ಹುಟ್ಟಿದ್ದು ಸಿಪಾನಿ ಡಾಲ್ಫಿನ್. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಮೇಲೆ ಕಟ್ಟಿದ, ಫೈಬರ್ ಬಾಡಿಯ, 848 ಸಿ.ಸಿ. ಎಂಜಿನ್ನಿನ ಈ ಪುಟ್ಟ ಕಾರು 1980ರ ದಶಕದಲ್ಲಿ ಬಂತು. ಮನೆಬಳಕೆಯ ಕಾರಾಗಿ ಅದು ಜನರ ಮನಸ್ಸು ಗೆಲ್ಲಲಿಲ್ಲ. ಆದರೆ ಭಾರ ಕಡಿಮೆ, ಎಳೆತ ಹಿಂದಿನ ಗಾಲಿಗೆ; ರ‍್ಯಾಲಿ ಹುಡುಗರಿಗೆ ಅಷ್ಟೇ ಬೇಕಿತ್ತು. 1990ರ ದಶಕದ ಕೊನೆಗೆ ಬೆಂಗಳೂರು ಮೂಲದ ಸ್ಯಾನ್ ಸಂಸ್ಥೆ ರೆನೋ ಎಂಜಿನ್ ಕೂರಿಸಿ ಸ್ಟಾರ್ಮ್ ಎಂಬ ಎರಡು ಸೀಟಿನ ತೆರೆದ ಕಾರನ್ನೂ ತಂದಿತು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಯ ಹೆಸರು ಕೇಳದ ಓಟಪ್ರಿಯರಿಲ್ಲ. ಹಳೆಯ ಕಾರುಗಳನ್ನು ಕಣ್ಣಾರೆ ನೋಡಬೇಕೆಂದರೆ ಧರ್ಮಸ್ಥಳದ ಸಂಗ್ರಹಾಲಯವಿದೆ, ಶ್ರೀರಂಗಪಟ್ಟಣದ ಬಳಿ ‘ಪಯಣ’ ಇದೆ. ಬಯಲುಸೀಮೆಯ ಹುಡುಗರ ಪಾಲಿಗೆ ಮಾತ್ರ ಸ್ಪೋರ್ಟ್ಸ್ ಕಾರಿನ ಜಾಗ ತುಂಬಿದ್ದು ಮೈಸೂರಿನ ಜಾವಾ ಮತ್ತು ಯೆಜ್ಡಿ. ಅವುಗಳ ಸ್ಪೀಡೋಮೀಟರ್ ಒಳಗೆ ಕೆಲಸ ಮಾಡುವ ವಿದ್ಯೆ ಎಂ.ಜಿ. ಕಾರಿನದೇ.

ಬಿಚ್ಚುವ ಮೊದಲು

ಕೊಟ್ಟೂರಿಗೆ ಒಂದು ಹೆರಾಲ್ಡ್ ಬಂದು ನಿಂತಿತೆಂದುಕೊಳ್ಳೋಣ. ಮೊದಲ ಕೆಲಸ ಬ್ಯಾಟರಿ ಕಳಚುವುದು. ಎರಡನೆಯದು, ಒಂದೂ ಸ್ಕ್ರೂ ತಿರುಗಿಸುವ ಮೊದಲು ಡ್ಯಾಶ್‌ಬೋರ್ಡಿನ ಮುಂದೆ, ಹಿಂದೆ, ಕೆಳಗೆ ಫೋಟೊ ತೆಗೆದಿಟ್ಟುಕೊಳ್ಳುವುದು. ಬ್ರಿಟಿಷ್ ಕಾರುಗಳಲ್ಲಿ ಲೂಕಾಸ್ ಕಂಪನಿ ವೈರಿಗೆ ಒಂದು ಬಣ್ಣದ ಕ್ರಮ ಇಟ್ಟಿತ್ತು: ಬ್ಯಾಟರಿಯಿಂದ ನೇರ ಬರುವುದು ಕಂದು, ಕೀಲಿ ತಿರುಗಿಸಿದಾಗ ಜೀವ ಬರುವುದು ಬಿಳಿ, ಫ್ಯೂಸ್ ದಾಟಿದ್ದು ಹಸಿರು, ಮೀಟರಿನ ದೀಪದ್ದು ಬಿಳಿ ಗೆರೆಯ ಕೆಂಪು, ಅರ್ಥಿಂಗ್ ಕಪ್ಪು. ಐವತ್ತು ವರ್ಷದಲ್ಲಿ ಎಷ್ಟು ಎಲೆಕ್ಟ್ರಿಷಿಯನ್‌ಗಳು ಕೈಗೆ ಸಿಕ್ಕ ವೈರು ಜೋಡಿಸಿದ್ದಾರೋ, ಈ ಕ್ರಮ ಈಗ ಹಾಗೇ ಉಳಿದಿರುತ್ತದೆ ಎನ್ನುವಂತಿಲ್ಲ. ಅದಕ್ಕೇ ಪ್ರತಿ ತುದಿಗೂ ಚೀಟಿ ಕಟ್ಟಬೇಕು. 1960ರ ದಶಕದ ಮಧ್ಯದವರೆಗಿನ ಬಹಳಷ್ಟು ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಬಾಡಿಗೆ ಸೇರಿರುತ್ತದೆ. ಅದನ್ನು ನೋಡದೆ ಇಂದಿನ ಎಲ್‌.ಇ.ಡಿ. ಅಥವಾ ಎಲೆಕ್ಟ್ರಾನಿಕ್ ಸಾಮಾನು ಜೋಡಿಸಿದರೆ ಸುಡುವುದು ಗ್ಯಾರಂಟಿ.

ಹಲಗೆ ಬಡಗಿಯ ಕೈಗೆ

ಮರದ ಡ್ಯಾಶ್‌ಬೋರ್ಡ್ ಎಂದರೆ ಒಂದೇ ತುಂಡು ಮರವೆಂದು ಬಹಳ ಜನ ತಿಳಿದಿದ್ದಾರೆ. ಒಳಗಿರುವುದು ಪ್ಲೈವುಡ್. ಕಣ್ಣಿಗೆ ಕಾಣುವ ಆಕ್ರೋಟ್ ಮರದ ಚೆಂದದ ಎಳೆ ಒಂದು ಮಿಲಿಮೀಟರಿಗಿಂತ ತೆಳುವಾದ ಪದರ. ಇಲ್ಲಿ ಮಷೀನ್ ಹಿಡಿದು ಉಜ್ಜಿದರೆ ಒಂದೇ ಏಟಿಗೆ ಪದರ ಹೋಗಿ ಪ್ಲೈವುಡ್ ಮೇಲೆ ಬರುತ್ತದೆ. ಹಳೆಯ ವಾರ್ನಿಷನ್ನು ರಿಮೂವರ್ ಹಚ್ಚಿ ಮೆತ್ತಗಾಗಿಸಿ ಎತ್ತಬೇಕು. ಆಮೇಲೆ ನುಣುಪಾದ ಎಮ್ರಿ ಪೇಪರನ್ನು ಎಳೆಯ ಗುಂಟ ಕೈಯಿಂದಲೇ ಆಡಿಸಬೇಕು.

ಪದರ ಎದ್ದು ಉಬ್ಬಿದ್ದರೆ ಅದನ್ನು ಕಿತ್ತು ಬಿಸಾಡುವ ಅಗತ್ಯವಿಲ್ಲ. ಹಳೆಯ ಕಾಲದ ಪ್ರಾಣಿಜನ್ಯ ಅಂಟು ಬಿಸಿಗೆ ಮತ್ತೆ ಮೆತ್ತಗಾಗುತ್ತದೆ. ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಒತ್ತಿದರೆ ಎಷ್ಟೋ ಸಲ ಅದು ತಾನಾಗಿ ಕೂತುಕೊಳ್ಳುತ್ತದೆ. ಕೂರದಿದ್ದರೆ ಸಿರಿಂಜಿನಲ್ಲಿ ಹೊಸ ಅಂಟು ಬಿಟ್ಟು ಕ್ಲ್ಯಾಂಪ್ ಬಿಗಿಯಬೇಕು. ಪದರ ಪೂರ್ತಿ ಹಾಳಾಗಿದ್ದರೆ ಹೊಸದು ಅಂಟಿಸುವಾಗ ಒಂದು ಮಾತು ನೆನಪಿರಬೇಕು. ಒಂದೇ ಮರದಿಂದ ಒಂದರ ಹಿಂದೊಂದು ಸೀಳಿದ ಎರಡು ಹಾಳೆಗಳನ್ನು ಪುಸ್ತಕ ತೆರೆದಂತೆ ಎದುರುಬದುರು ಕೂರಿಸಿದರೆ ಎಡಬಲದ ಎಳೆ ಒಂದಕ್ಕೊಂದು ಕನ್ನಡಿಯಾಗುತ್ತದೆ. ಒಳ್ಳೆಯ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಅಂದದ ಗುಟ್ಟು ಇದು. ಆಕ್ರೋಟ್ ಸಿಗದಿದ್ದರೆ ನಮ್ಮ ಮಲೆನಾಡಿನ ಬೀಟೆ ಚೆಂದವೇ, ಆದರೆ ಅದು ಬೇರೆ ಕಾರಾಗುತ್ತದೆ.

ಹೊಳಪಿನ ವಿಷಯಕ್ಕೆ ಬಂದರೆ ಹಳೆಯ ಕ್ರಮ ಅರಗಿನದು. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅರಗನ್ನೇ ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯುಂಡೆಯಿಂದ ಪದರದ ಮೇಲೆ ಪದರ ತಿಕ್ಕಿದರೆ ಆಳವಾದ ಹೊಳಪು ಬರುತ್ತದೆ. ಮನೆಯೊಳಗಿನ ಪೀಠೋಪಕರಣಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಕೊಟ್ಟೂರಿನ ಏಪ್ರಿಲ್ ಬಿಸಿಲಿಗೆ ಗಾಜಿನ ಕೆಳಗೆ ಕಾಯುವ ಡ್ಯಾಶ್‌ಬೋರ್ಡಿಗೆ ಅರಗು ತಡೆಯುವುದು ಕಷ್ಟ, ಬಿಸಿಗೆ ಮೆತ್ತಗಾಗುತ್ತದೆ. ಅದಕ್ಕೇ ಇಂದು ಬಹಳ ಜನ ಬಿಸಿಲು ತಡೆಯುವ ಪಿ.ಯು. (ಪಾಲಿಯುರೆಥೇನ್) ಲೇಪ ಹೊಡೆಸುತ್ತಾರೆ. ಹೊಡೆಸಲಿ, ಆದರೆ ಗಾಜಿನ ಹಾಳೆ ಹೊದಿಸಿದಷ್ಟು ದಪ್ಪ ಬೇಡ. ಮೂಲದ ಕಾರು ಅಷ್ಟು ಮಿಂಚುತ್ತಿರಲಿಲ್ಲ.

ಎಲ್ಲ ಸ್ಪೋರ್ಟ್ಸ್ ಕಾರಿಗೂ ಮರವಿರಲಿಲ್ಲ ಎಂಬುದನ್ನೂ ಹೇಳಬೇಕು. 1961ರಲ್ಲಿ ಜಿನೀವಾದಲ್ಲಿ ಅನಾವರಣಗೊಂಡ ಜಾಗ್ವಾರ್ ಇ-ಟೈಪ್‌ನ ಮೊದಲ ಕಾರುಗಳಲ್ಲಿ ನಡುವಿನ ಹಲಗೆ ಚುಕ್ಕಿ ಒತ್ತಿದ ಅಲ್ಯೂಮಿನಿಯಂ. ಎಂ.ಜಿ.ಬಿ. ಕಾರಿನದು ತಗಡು, ಅದರ ಮೇಲೆ ಸುಕ್ಕುಸುಕ್ಕಾದ ಕಪ್ಪು ಬಣ್ಣ. ಹಳೆಯ ಟೈಪ್‌ರೈಟರುಗಳ ಮೈಮೇಲೆ ಇದ್ದದ್ದೂ ಈ ಬಗೆಯ ಬಣ್ಣವೇ. ದಪ್ಪನಾಗಿ ಹೊಡೆದು ಬಿಸಿ ತಾಗಿಸಿದಾಗ ಮೇಲ್ಪದರ ಮೊದಲು ಒಣಗಿ ಸುಕ್ಕುಗಟ್ಟುತ್ತದೆ. ಬಿಸಿ ಎಲ್ಲೆಡೆ ಒಂದೇ ಸಮ ತಾಗದಿದ್ದರೆ ಒಂದು ಕಡೆ ಸುಕ್ಕು, ಇನ್ನೊಂದು ಕಡೆ ನುಣುಪು.

ಗಡಿಯಾರದವರ ಟೇಬಲ್ಲಿನಲ್ಲಿ

ಮೀಟರುಗಳಿಗೆ ತಕ್ಕ ಜಾಗ ಗ್ಯಾರೇಜಲ್ಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವ ಗಡಿಯಾರ ರಿಪೇರಿಯವರ ಟೇಬಲ್ಲು. ಸ್ಪೀಡೋಮೀಟರ್ ಒಳಗಿರುವುದು ಅವರಿಗೆ ಪರಿಚಯದ ಲೋಕವೇ: ಕೂದಲೆಳೆಯ ಸ್ಪ್ರಿಂಗು, ಸೂಜಿಮೊನೆಯ ಪಿವಟ್, ಹಲ್ಲುಚಕ್ರ.

ಸುಳಿಪ್ರವಾಹದ ಸ್ಪೀಡೋಮೀಟರಿಗೆ 1902ರಲ್ಲಿ ಪೇಟೆಂಟ್ ಪಡೆದವನು ಜರ್ಮನಿಯ ಒಟ್ಟೊ ಶುಲ್ಜೆ. ಗೇರ್‌ಬಾಕ್ಸಿನಿಂದ ಬಂದ ಕೇಬಲ್ಲು ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಸುತ್ತ ಮುಟ್ಟದಂತೆ, ಮುಳ್ಳನ್ನು ಹೊತ್ತ ಒಂದು ಅಲ್ಯೂಮಿನಿಯಂ ಬಟ್ಟಲಿದೆ. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ವಿದ್ಯುತ್ತಿನ ಸುಳಿ ಹುಟ್ಟಿ ಬಟ್ಟಲನ್ನೂ ಜೊತೆಗೆ ಎಳೆಯುತ್ತದೆ. ಸ್ಪ್ರಿಂಗು ಬಿಡುವುದಿಲ್ಲ. ಈ ಎಳೆದಾಟ ಎಲ್ಲಿ ಸಮವಾಗುತ್ತದೋ ಅಲ್ಲಿ ಮುಳ್ಳು ನಿಲ್ಲುತ್ತದೆ. ಅಯಸ್ಕಾಂತಕ್ಕೂ ಮುಳ್ಳಿಗೂ ನೇರ ಸಂಬಂಧವೇ ಇಲ್ಲ, ನಡುವೆ ಇರುವುದು ಬರೀ ಗಾಳಿ. ಆ ಸಂದಿಗೆ ಒಂದು ಹನಿ ಗ್ರೀಸು ಬಿದ್ದರೂ ಬಟ್ಟಲು ಅಂಟಿಕೊಂಡು ಮುಳ್ಳು ಕೊನೆಗೆ ಹಾರುತ್ತದೆ. ಗ್ರೀಸು ಬರುವ ದಾರಿ ಕೇಬಲ್ಲೇ. ಕೇಬಲ್ಲಿಗೆ ಉದ್ದಕ್ಕೂ ಧಾರಾಳವಾಗಿ ಗ್ರೀಸು ತುಂಬಿಸಿದರೆ ತಿರುಗುತ್ತಾ ತಿರುಗುತ್ತಾ ಅದು ಮೀಟರಿನೊಳಗೆ ಏರುತ್ತದೆ. ಮೀಟರ್ ಕಡೆಯ ಎಂಟು ಇಂಚನ್ನು ಒಣಗಿಯೇ ಬಿಡಬೇಕು. ಮುಳ್ಳು ನಡುಗುತ್ತಿದ್ದರೆ ಮೀಟರನ್ನು ಬಯ್ಯುವ ಮೊದಲು ಕೇಬಲ್ಲು ಎಲ್ಲಾದರೂ ಮಡಚಿದೆಯೇ ನೋಡಬೇಕು.

ಬ್ರಿಟಿಷ್ ಕಾರುಗಳಿಗೆ ಮೀಟರ್ ಮಾಡುತ್ತಿದ್ದ ಸ್ಮಿತ್ಸ್ ಕಂಪನಿಯ ಡಯಲಿನ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಂಖ್ಯೆ ಇರುತ್ತದೆ. 1000 ಎಂದಿದ್ದರೆ ಒಂದು ಮೈಲಿಗೆ ಕೇಬಲ್ಲು ಸಾವಿರ ಸುತ್ತು ತಿರುಗಬೇಕೆಂದು ಅರ್ಥ. ಗಂಟೆಗೆ 60 ಮೈಲಿ ಎಂದರೆ ನಿಮಿಷಕ್ಕೆ ಒಂದು ಮೈಲಿ, ಅಂದರೆ ನಿಮಿಷಕ್ಕೆ ಸಾವಿರ ಸುತ್ತು. ಇಷ್ಟು ಗೊತ್ತಾದರೆ ಪರೀಕ್ಷೆಗೆ ಬೆಂಗಳೂರಿಗೆ ಓಡಬೇಕಿಲ್ಲ. ಲೇತ್ ಮಷೀನಿಗೆ ಕೇಬಲ್ಲಿನ ತುಂಡು ಕಚ್ಚಿಸಿ, ದಿಕ್ಕು ನೋಡಿಕೊಂಡು 500 ಸುತ್ತಿನಲ್ಲಿ ತಿರುಗಿಸಿದರೆ ಮುಳ್ಳು 30 ಮೈಲಿಯಲ್ಲಿ ನಿಲ್ಲಬೇಕು. ಕಡಿಮೆ ತೋರಿಸಿದರೆ ಅಯಸ್ಕಾಂತದ ಬಲ ಕುಂದಿದೆ ಎಂದು ಮೊದಲು ಅನುಮಾನಿಸಬೇಕು.

ಕಾರಿನ ಗೇರ್‌ಬಾಕ್ಸೋ ಹಿಂದಿನ ಆಕ್ಸಲ್ಲೋ ಬದಲಾಗಿದ್ದರೆ ಮೀಟರ್ ಸರಿಯಿದ್ದೂ ಸುಳ್ಳು ಹೇಳುತ್ತದೆ. ನಮ್ಮ ಹಳೆಯ ಕಾರುಗಳಲ್ಲಿ ಅದು ಮಾಮೂಲು. ಇದಕ್ಕೂ ಸುಲಭದ ಲೆಕ್ಕವಿದೆ. ಮೀಟರಿನಿಂದ ಕೇಬಲ್ ಬಿಡಿಸಿ ತುದಿಗೆ ಕಾಗದದ ಬಾಣ ಸಿಕ್ಕಿಸಿ, ಸಪಾಟು ನೆಲದಲ್ಲಿ ಕಾರನ್ನು 52.8 ಅಡಿ ತಳ್ಳಬೇಕು. ಅದು ಮೈಲಿಯ ನೂರನೇ ಒಂದು ಭಾಗ. ಬಾಣ ಹತ್ತು ಸುತ್ತು ತಿರುಗಿದರೆ 1000ದ ಮೀಟರ್ ಸರಿ. ಹನ್ನೆರಡು ತಿರುಗಿದರೆ ಆ ಕಾರಿಗೆ 1200ರ ಮೀಟರ್ ಬೇಕು.

ಐಸು, ಉಪ್ಪು, ಬೆಸುಗೆ

ಟೆಂಪರೇಚರ್ ಮೀಟರ್ ಬೇರೆಯದೇ ಕತೆ. 1950ರ ದಶಕದ ಬಹಳಷ್ಟು ಬ್ರಿಟಿಷ್ ಕಾರುಗಳಲ್ಲಿ ಅದು ವಿದ್ಯುತ್ತಿನದಲ್ಲ. ಎಂಜಿನ್ನಿನ ನೀರಿನಲ್ಲಿ ಮುಳುಗಿದ ಬಲ್ಬಿನೊಳಗೆ ಈಥರ್ ಇರುತ್ತದೆ. ಅದು ಕಾದಾಗ ಹುಟ್ಟುವ ಒತ್ತಡ ಕೂದಲಿನಷ್ಟು ಸಣ್ಣ ರಂಧ್ರದ ತಾಮ್ರದ ಕೊಳವೆಯ ಮೂಲಕ ಮೀಟರಿಗೆ ಬಂದು, ಬಾಗಿದ ಒಂದು ಚಪ್ಪಟೆ ಕೊಳವೆಯನ್ನು ಬಿಚ್ಚುತ್ತದೆ. ಈ ಬಾಗಿದ ಕೊಳವೆ ಫ್ರಾನ್ಸಿನ ಯೂಜೀನ್ ಬೂರ್ದೋನ್ 1849ರಲ್ಲಿ ಕಂಡುಹಿಡಿದದ್ದು. ಆಯಿಲ್ ಪ್ರೆಷರ್ ಮೀಟರಿನಲ್ಲೂ ಅದೇ ಕೆಲಸ ಮಾಡುತ್ತದೆ. ಉದ್ದನೆಯ ತಾಮ್ರದ ಕೊಳವೆ ತುಂಡಾಯಿತೆಂದರೆ ಈಥರ್ ಹಾರಿಹೋಗಿ ಮೀಟರ್ ಸತ್ತಂತೆ.

ಇದನ್ನು ಬದುಕಿಸುವ ಉಪಾಯ ಸೊಗಸಾಗಿದೆ. ಇದೇ ಬಗೆಯ ಅಗ್ಗದ ಹೊಸ ಮೀಟರ್ ತರಬೇಕು. ಅದರ ಬಲ್ಬನ್ನು ಐಸು ಮತ್ತು ಉಪ್ಪು ಬೆರೆಸಿದ ಪಾತ್ರೆಯಲ್ಲಿ ಮುಳುಗಿಸಿಟ್ಟರೆ ಈಥರ್ ತಣ್ಣಗಾಗಿ ಬಲ್ಬಿನಲ್ಲೇ ಕೂರುತ್ತದೆ. ಆಗ ಕೊಳವೆ ಕತ್ತರಿಸಿ, ಹಳೆಯ ಮೀಟರಿನ ಕೊಳವೆಗೆ ಸಣ್ಣ ತೋಳು ತೊಡಿಸಿ ಬೆಸೆಯಬೇಕು. ರೇಡಿಯೇಟರ್ ಬೆಸುಗೆಯವರ ನುರಿತ ಕೈ ಇಲ್ಲಿ ಬೇಕು, ಆದರೆ ಅವರ ಬೆಂಕಿ ಬೇಡ. ಈಥರ್ ಸಿಡಿಯುವಂಥದ್ದು, ಕಾಯಿಸಿದ ಸೋಲ್ಡರಿಂಗ್ ಕಡ್ಡಿ ಸಾಕು, ಕಿಟಕಿ ಬಾಗಿಲು ತೆರೆದಿರಲಿ. ಮುಗಿದ ಮೇಲೆ ಬಲ್ಬನ್ನು ಕುದಿಯುವ ನೀರಿಗೆ ಇಳಿಸಿ ನೋಡಬೇಕು. ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಎತ್ತರದ ಈ ಬಯಲಿನಲ್ಲಿ ನೀರು ಕುದಿಯುವುದು ಸುಮಾರು 98 ಡಿಗ್ರಿಗೆ. ಮುಳ್ಳು ನೂರಕ್ಕೆ ಚೂರು ಹಿಂದೆ ನಿಂತರೆ ಅದು ಸರಿಯಾಗಿಯೇ ಹೇಳುತ್ತಿದೆ.

1960ರ ದಶಕದ ಬಹಳಷ್ಟು ಪೆಟ್ರೋಲ್ ಮೀಟರುಗಳಲ್ಲಿ, ವಿದ್ಯುತ್ತಿನ ಟೆಂಪರೇಚರ್ ಮೀಟರುಗಳಲ್ಲೂ, ಎರಡು ಲೋಹ ಬೆಸೆದ ಪಟ್ಟಿ ಕಾದು ಬಾಗಿ ಮುಳ್ಳನ್ನು ನಿಧಾನಕ್ಕೆ ಏರಿಸುತ್ತದೆ. ಅದಕ್ಕೆ ಸರಾಸರಿ 10 ವೋಲ್ಟ್ ಕೊಡುವ ಒಂದು ಪುಟ್ಟ ಸ್ಟೆಬಿಲೈಸರ್ ಹಿಂದಿರುತ್ತದೆ. ಪೆಟ್ರೋಲ್ ಮತ್ತು ಟೆಂಪರೇಚರ್ ಎರಡೂ ಒಟ್ಟಿಗೆ ತಪ್ಪು ತೋರಿಸಿದರೆ ಮೀಟರುಗಳನ್ನು ಬಿಚ್ಚುವ ಮೊದಲು ಈ ಸ್ಟೆಬಿಲೈಸರನ್ನೂ ಅದರ ಅರ್ಥಿಂಗನ್ನೂ ನೋಡಿದರೆ ಅರ್ಧ ದಿನ ಉಳಿಯುತ್ತದೆ.

ಡಯಲಿನ ಮುಖ

ಡಯಲು ಶುಚಿ ಮಾಡುವಾಗ ಥಿನ್ನರ್ ಮುಟ್ಟಿಸಲೇಬಾರದು, ಅಕ್ಷರಗಳು ಬಟ್ಟೆಗೆ ಬರುತ್ತವೆ. ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ಹಿಂಡಿದ ಹತ್ತಿ, ಅಂಚಿನಲ್ಲೊಮ್ಮೆ ಪರೀಕ್ಷೆ, ಆಮೇಲೆ ನಡುವಿಗೆ. ತೀರಾ ಮಾಸಿದ ಡಯಲನ್ನು ಸ್ಕ್ಯಾನ್ ಮಾಡಿಸಿ, ಅಂಕಿಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ಬರೆದು, ಸ್ಕ್ರೀನ್ ಪ್ರಿಂಟ್ ಹಾಕಿಸಬಹುದು. ಮದುವೆ ಪತ್ರಿಕೆಗೆ ಬಂಗಾರದ ಮಸಿ ಎಳೆಯುವ ಕೈಗೆ ಕಪ್ಪು ತಗಡಿನ ಮೇಲೆ ಬಿಳಿ ಮಸಿ ಎಳೆಯುವುದು ಹೊಸದೇನಲ್ಲ. ಮುಳ್ಳಿಗೆ ಬಣ್ಣ ಬಳಿಯುವಾಗ ಮಾತ್ರ ತೆಳು ಒಂದೇ ಪದರ. ಬಣ್ಣದ ಭಾರಕ್ಕೇ ಮುಳ್ಳಿನ ತೂಕ ತಪ್ಪುತ್ತದೆ. ಮೀಟರಿನ ಡಬ್ಬಿಯ ಒಳಮೈಗೆ ಬಿಳಿ ಬಣ್ಣ ಹೊಡೆಯುವುದನ್ನು ಮರೆಯಬಾರದು. 2.2 ವಾಟಿನ ಆ ಬಡ ಬಲ್ಬಿನ ಬೆಳಕು ಡಯಲಿಗೆ ತಲುಪುವುದು ಆ ಬಿಳುಪಿನಿಂದ ಪುಟಿದೇ.

ಒಂದು ಎಚ್ಚರಿಕೆ. ಎರಡನೇ ಮಹಾಯುದ್ಧದ ಕಾಲದ ಜೀಪು, ವಿಮಾನಗಳ ಮೀಟರುಗಳಲ್ಲಿ, ಕೆಲವು ಹಳೆಯ ಕಾರುಗಳಲ್ಲಿ ಕತ್ತಲಲ್ಲಿ ಹೊಳೆಯಲೆಂದು ಬಳಿದದ್ದು ನಿಜವಾದ ರೇಡಿಯಂ. ಬಸ್ ಸ್ಟ್ಯಾಂಡಿನ ಸ್ಟಿಕರ್ ಅಂಗಡಿಯವರು ಆ ಹೆಸರಿನಲ್ಲಿ ಮಾರುವ ಹಾಳೆಗೂ ಇದಕ್ಕೂ ಸಂಬಂಧವಿಲ್ಲ. ಬಣ್ಣದ ಹೊಳಪು ಎಂದೋ ಸತ್ತಿರುತ್ತದೆ, ಆದರೆ ರೇಡಿಯಂನ ಅರ್ಧಾಯುಷ್ಯ ಸುಮಾರು 1600 ವರ್ಷ. 1920ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಗಡಿಯಾರದ ಡಯಲಿಗೆ ಇದನ್ನು ಬಳಿಯುತ್ತಿದ್ದ ಹೆಣ್ಣುಮಕ್ಕಳಲ್ಲಿ ಹಲವರು ಕುಂಚವನ್ನು ತುಟಿಯಲ್ಲಿ ಚೂಪು ಮಾಡಿಕೊಂಡೇ ದವಡೆ ಕೊಳೆತು ಸತ್ತರು. ಅಂಥ ಡಯಲನ್ನು ಕೆರೆಯಬಾರದು, ಉಜ್ಜಬಾರದು, ಊದಬಾರದು. ಗಾಜು ಮುಚ್ಚಿ ಹಾಗೇ ಬಿಡಬೇಕು.

ಎಷ್ಟು ಹೊಸದಾದರೆ ಸಾಕು

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿತು. ಐವತ್ತು ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆಯಾಗದ ವಾಹನಕ್ಕೆ ‘ವಿ.ಎ.’ ಸರಣಿಯ ನಂಬರು. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆ ಮೂರರ ಪಟ್ಟಿಯಲ್ಲಿ ಡ್ಯಾಶ್‌ಬೋರ್ಡಿಲ್ಲ. ಅಂದರೆ ಇಲ್ಲಿ ಏನು ಮಾಡಬೇಕು, ಏನು ಬಿಡಬೇಕು ಎಂಬುದು ಮಾಲೀಕರ ವಿವೇಕಕ್ಕೆ ಬಿಟ್ಟದ್ದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದು ಈ ವಿವೇಕಕ್ಕೆ ಒಂದು ದಾರಿ ತೋರಿಸುತ್ತದೆ: ಉಳಿಸಬಹುದಾದದ್ದನ್ನು ಬದಲಾಯಿಸಬೇಡಿ, ಹೊಸದಾಗಿ ಸೇರಿಸಿದ್ದು ಹೊಸದೆಂದು ಮುಂದಿನವರಿಗೆ ಗೊತ್ತಾಗುವಂತಿರಲಿ.

ಓಡೋಮೀಟರಿನ ವಿಷಯದಲ್ಲಿ ಈ ಮಾತು ತುಂಬ ಗಟ್ಟಿ. ಮೀಟರ್ ಬಿಚ್ಚಿದ್ದೇವೆ, ಹೇಗೂ ಕೈಯಲ್ಲಿದೆ, ಸೊನ್ನೆಗೆ ತಿರುಗಿಸಿಬಿಡೋಣ ಎನಿಸುತ್ತದೆ. ತಿರುಗಿಸಿದರೆ ಆ ಕಾರು ಓಡಿದ ದೂರದ ಒಂದೇ ದಾಖಲೆ ಅಳಿಸಿತು. ಒಂದು ತೂತು, ಒಂದು ಗೀರು, ಬೆರಳು ಸವೆಸಿದ ಸ್ವಿಚ್ಚಿನ ಅಂಚು ಉಳಿದರೆ ಮುಜುಗರವಿಲ್ಲ. ಮುಳ್ಳು ತಪ್ಪು ಹೇಳಿದರೆ ಮಾತ್ರ ಎಷ್ಟು ಹೊಳಪಿದ್ದರೂ ದುರಸ್ತಿ ಆಗಿಲ್ಲ. ಕಾರುಗಳ ಪ್ರದರ್ಶನದಲ್ಲಿ ಬಹುಮಾನ ಗೆಲ್ಲುವ ಡ್ಯಾಶ್‌ಬೋರ್ಡಿಗಿಂತ, ಎಂಜಿನ್ ಕಾಯುವುದನ್ನು ಸರಿಯಾದ ಹೊತ್ತಿಗೆ ತಿಳಿಸುವ ಡ್ಯಾಶ್‌ಬೋರ್ಡು ಕಾರನ್ನು ಹೆಚ್ಚು ಕಾಲ ಉಳಿಸುತ್ತದೆ.

ಕಾರುಗಳಿಗಿಂತ ಬೇಗ ಕಣ್ಮರೆಯಾಗುತ್ತಿರುವುದು ಇದನ್ನೆಲ್ಲ ಮಾಡಬಲ್ಲ ಕೈಗಳು. ಮೊಬೈಲು ಬಂದ ಮೇಲೆ ಗಡಿಯಾರ ರಿಪೇರಿ ಟೇಬಲ್ಲುಗಳು ಬ್ಯಾಟರಿ, ಬೆಲ್ಟು ಬದಲಿಸುವುದಕ್ಕೆ ಸೀಮಿತವಾಗಿವೆ. ಫ್ಲೆಕ್ಸ್ ಬಂದ ಮೇಲೆ ಕುಂಚ ಹಿಡಿದು ಅಕ್ಷರ ಬರೆಯುವವರಿಗೆ ಕೆಲಸವಿಲ್ಲ. ಪ್ಲಾಸ್ಟಿಕ್ ರೇಡಿಯೇಟರ್ ಬಂದ ಮೇಲೆ ಬೆಸುಗೆಯ ಅಂಗಡಿಗೆ ಗಿರಾಕಿ ಕಡಿಮೆ. ಒಂದು ಹಳೆಯ ಮೀಟರ್ ಹಿಡಿದು ಹೋದರೆ ಅವರಲ್ಲಿ ಎಷ್ಟೋ ಮಂದಿ ಮೊದಲು ‘ಇದು ನಮ್ಮ ಕೆಲಸ ಅಲ್ಲ ಬಿಡ್ರಿ’ ಅನ್ನಬಹುದು. ಮುಚ್ಚಳ ತೆಗೆದು ತೋರಿಸಿ. ಒಳಗಿನ ಸ್ಪ್ರಿಂಗು ಕಂಡ ಮೇಲೆ ಕುರ್ಚಿ ಎಳೆದು ಕೂರಿಸುತ್ತಾರೆ. ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ, ಕೆಲಸ ನಡೆಯುವಾಗ ಮನೆಯ ಹುಡುಗರನ್ನೋ ಹುಡುಗಿಯರನ್ನೋ ಪಕ್ಕದಲ್ಲಿ ಕೂರಿಸಿ.

ಹಳೆಯ ಗಡಿಯಾರ ರಿಪೇರಿಯವರು ಕೈಗಡಿಯಾರದ ಹಿಂಬದಿ ಮುಚ್ಚಳದ ಒಳಗೆ ಸೂಜಿಯಿಂದ ತಾರೀಖು ಮತ್ತು ತಮ್ಮ ಗುರುತು ಗೀರಿಡುತ್ತಿದ್ದರು. ಟ್ಯೂರಿನ್ ಸನ್ನದು ಕೇಳುವುದೂ ಅದನ್ನೇ. ಮೀಟರ್ ಮುಚ್ಚುವ ಮೊದಲು ಅವರ ಕೈಯಿಂದಲೇ ಡಬ್ಬಿಯೊಳಗೆ ಬರೆಸಿ: ಊರು, ತಿಂಗಳು, ವರ್ಷ, ಯಾವುದು ಹಳೆಯದು, ಯಾವುದು ಹೊಸದು, ಓಡೋಮೀಟರ್ ಅಂದು ಎಷ್ಟು ತೋರಿಸುತ್ತಿತ್ತು. ಮುಂದೆ ಅದನ್ನು ಬಿಚ್ಚುವವರಿಗೆ ಕೆಲಸ ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗುತ್ತದೆ.